ಮೊಲದ ಸೊಪ್ಪಿನ ಲೆಕ್ಕ

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಒಗ್ಗದಿದ್ದರೆ ನಾಯಿ, ಬೆಕ್ಕು ಕಕ್ಕಿ ಸುಧಾರಿಸಿಕೊಳ್ಳುತ್ತವೆ. ಮೊಲದ ಜಠರದ ಬಾಯಲ್ಲಿರುವ ಬಿಗಿಯಾದ ಸ್ನಾಯು ಆ ದಾರಿಯನ್ನು ಮುಚ್ಚಿಬಿಟ್ಟಿದೆ. ಒಳಗೆ ಹೋದದ್ದು ಇಡೀ ಕರುಳನ್ನು ಹಾದು ಹಿಂದಿನಿಂದಲೇ ಹೊರಬರಬೇಕು. ಹೀಗಾಗಿ ಮೊಲ ಸಾಕಿದವರ ಮನೆಯಲ್ಲಿ ಅದರ ಆರೋಗ್ಯ ಬಹುಮಟ್ಟಿಗೆ ತೀರ್ಮಾನವಾಗುವುದು ಅಡುಗೆಮನೆಯಲ್ಲಿ, ಸೊಪ್ಪು ಸೋಸುವ ಹೊತ್ತಿನಲ್ಲಿ.

ನಮ್ಮ ಮನೆಗಳಲ್ಲಿ ಬಿಳಿ, ಬೂದು, ಕಂದು ಬಣ್ಣಗಳಲ್ಲಿ ಓಡಾಡುವ ಸಾಕುಮೊಲಗಳೆಲ್ಲ ಯುರೋಪಿನ ಒಂದೇ ಪ್ರಭೇದಕ್ಕೆ ಸೇರಿದವು. ವೈಜ್ಞಾನಿಕ ಹೆಸರು ಒರಿಕ್ಟೊಲಾಗಸ್ ಕ್ಯುನಿಕ್ಯುಲಸ್. ಸ್ಪೇನ್, ಪೋರ್ಚುಗಲ್ ಸೀಮೆಯ ಕುರುಚಲು ನೆಲ ಇದರ ತವರು. ನಮ್ಮ ಹೊಲದ ಬದುವಿನಲ್ಲಿ, ಕಾಡಂಚಿನಲ್ಲಿ ಹೆಡ್‌ಲೈಟಿನ ಬೆಳಕಿಗೆ ಸಿಕ್ಕುವ ಕಾಡುಮೊಲ ಬೇರೆಯದೇ ಪ್ರಾಣಿ. ಅದು ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ತೆರೆದಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹಿಡಿದು ಸಾಕುವಂತಿಲ್ಲ. ಸಾಕುಮೊಲದ ಮರಿಗಳಾದರೋ ಬಿಲದೊಳಗೆ ಬತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ.

ಬೇಸಿಗೆ ಬಂತೆಂದರೆ ಒಣಗಿ ಬೆಂಡಾಗುವ ನೆಲದಲ್ಲಿ ಈ ಜೀವಿ ವಿಕಾಸಗೊಂಡಿತು. ಅಲ್ಲಿ ಸಿಗುತ್ತಿದ್ದುದು ಒರಟು ಹುಲ್ಲು, ಕಡ್ಡಿ, ತೊಗಟೆ. ಸಾರ ಕಡಿಮೆ, ನಾರು ಹೆಚ್ಚು. ಮೊಲದ ಬಾಯಿ, ಕರುಳುಗಳೆಲ್ಲ ಈ ಬಡ ಆಹಾರಕ್ಕೆ ಹೊಂದಿಕೊಂಡೇ ರೂಪುಗೊಂಡವು.

ಹಲ್ಲಿನಿಂದಲೇ ಶುರುಮಾಡೋಣ. ಮೊಲಕ್ಕಿರುವುದು 28 ಹಲ್ಲು. ಮೇಲಿನ ಎರಡು ಬಾಚಿಹಲ್ಲುಗಳ ಬೆನ್ನಿಗೇ ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ. ಇಲಿ, ಅಳಿಲುಗಳಿಗೆ ಇವಿಲ್ಲ. ಮೊಲಗಳನ್ನು ದಂಶಕಗಳ ಗುಂಪಿನಿಂದ ಬೇರೆ ಮಾಡಿ, ಲ್ಯಾಗೊಮಾರ್ಫ ಎಂಬ ಸ್ವತಂತ್ರ ಗಣದಲ್ಲಿಡಬೇಕೆಂದು 1912ರಲ್ಲಿ ವಿಜ್ಞಾನಿ ಜೆ. ಡಬ್ಲ್ಯು. ಗಿಡ್ಲಿ ವಾದಿಸಿದರು. ಈ 28 ಹಲ್ಲುಗಳೂ ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ವೇಗದಲ್ಲಿ ಅದು ಸವೆಯದಿದ್ದರೆ ಬಾಯಿ ಮುಚ್ಚಲಾಗದು. ದವಡೆಹಲ್ಲಿನ ಅಂಚು ಚೂಪಾದರೆ ನಾಲಗೆಯನ್ನೂ ಕೆನ್ನೆಯ ಒಳಭಾಗವನ್ನೂ ಕೊಯ್ಯುತ್ತದೆ. ಹುಲ್ಲನ್ನು ಜಗಿಯುವಾಗ ಮೊಲದ ದವಡೆ ಅಡ್ಡಡ್ಡ ಚಲಿಸುತ್ತದೆ. ಹುಲ್ಲಿನೊಳಗಿನ ಸಿಲಿಕಾ ಹಲ್ಲನ್ನು ತೇಯುತ್ತದೆ. ಮೃದುವಾದ ಸೊಪ್ಪಿನ ಎಲೆಯಿಂದ ಈ ಕೆಲಸ ಆಗದು. ಸೊಪ್ಪಿನ ಬಗ್ಗೆ ಮಾತಾಡುವ ಮೊದಲು ಹುಲ್ಲಿನ ಬಗ್ಗೆ ಹೇಳಲೇಬೇಕಾದದ್ದು ಇದಕ್ಕಾಗಿ.

ಇನ್ನು ಕರುಳು. ನನ್ನ ಮಟ್ಟಿಗೆ ಸಾಕುಪ್ರಾಣಿಗಳ ಲೋಕದ ಅತಿ ಸೊಗಸಾದ ಯಂತ್ರ ಇದು. ಸಣ್ಣಕರುಳು ಮುಗಿದು ದೊಡ್ಡಕರುಳು ಶುರುವಾಗುವಲ್ಲಿ ಸೀಕಮ್ ಎಂಬ ಚೀಲವಿದೆ. ಮನುಷ್ಯರಲ್ಲಿ ಅದು ಪುಟ್ಟದು. ಮೊಲದಲ್ಲಿ ಇಡೀ ಜೀರ್ಣಾಂಗದ ಗಾತ್ರದ ಸುಮಾರು ಶೇ 40ರಷ್ಟನ್ನು ಅದೊಂದೇ ಆಕ್ರಮಿಸಿದೆ. ಅದರ ತುಂಬ ಕೋಟ್ಯಂತರ ಸೂಕ್ಷ್ಮಾಣುಗಳು. ಆಹಾರ ಇಲ್ಲಿಗೆ ಬರುತ್ತಿದ್ದಂತೆ ದೊಡ್ಡಕರುಳಿನ ಮೊದಲ ಭಾಗ ಮೊರದಲ್ಲಿ ಕೇರಿದ ಹಾಗೆ ಅದನ್ನು ಎರಡು ಪಾಲು ಮಾಡುತ್ತದೆ. ದಪ್ಪ ನಾರು ಬೇಗ ಮುಂದೆ ಸರಿದು ಗಟ್ಟಿ, ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ಸಣ್ಣ ಕಣಗಳನ್ನೂ ದ್ರವವನ್ನೂ ಕರುಳಿನ ಅಲೆಗಳು ಹಿಂದಕ್ಕೆ ತಳ್ಳಿ ಸೀಕಮ್‌ಗೆ ಸೇರಿಸುತ್ತವೆ. ಅಲ್ಲಿ ಸೂಕ್ಷ್ಮಾಣುಗಳು ಅವನ್ನು ಹುದುಗಿಸಿ ಕೊಬ್ಬಿನಾಮ್ಲ, ಪ್ರೋಟೀನು, ಬಿ ಗುಂಪಿನ ಜೀವಸತ್ವಗಳನ್ನು ತಯಾರಿಸುತ್ತವೆ.

ಕೊಬ್ಬಿನಾಮ್ಲವನ್ನು ರಕ್ತ ಅಲ್ಲೇ ಹೀರಿಕೊಳ್ಳುತ್ತದೆ. ಉಳಿದದ್ದು ಲೋಳೆ ಹೊದ್ದ ಮೆತ್ತನೆಯ ಉಂಡೆಗಳ ಗೊಂಚಲಾಗಿ, ಸಾಮಾನ್ಯವಾಗಿ ಮೊಲ ವಿಶ್ರಮಿಸುವ ಹೊತ್ತಿನಲ್ಲಿ, ಹೊರಬರುತ್ತದೆ. ಮೊಲ ಬಗ್ಗಿ ಅದನ್ನು ಗುದದ್ವಾರದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಹೊಸದಾಗಿ ಮೊಲ ತಂದವರು ಇದನ್ನು ಕಂಡು ಹೇಸಿಕೊಂಡು ತಡೆಯಲು ಹೋಗುತ್ತಾರೆ. ತಡೆಯಬೇಡಿ. ಹಸು ಮೆಲುಕು ಹಾಕಿ ಪಡೆಯುವ ಲಾಭವನ್ನು ಮೊಲ ಎರಡನೆಯ ಸಲ ತಿಂದು ಪಡೆಯುತ್ತದೆ.

ಈ ಏರ್ಪಾಡಿನಲ್ಲಿ ನಾರೇ ಚಾಲಕಶಕ್ತಿ. ಮೊಲ ಜೀರ್ಣಿಸಿಕೊಳ್ಳಲಾರದ ಉದ್ದ ನಾರು ಕರುಳನ್ನು ತಳ್ಳುತ್ತಿದ್ದರಷ್ಟೇ ಉಳಿದದ್ದೆಲ್ಲ ನಡೆಯುತ್ತದೆ. ನಾರು ಕಡಿಮೆಯಾಗಿ ಪಿಷ್ಟವೂ ಸಕ್ಕರೆಯೂ ಹೆಚ್ಚಾದರೆ ಚಲನೆ ನಿಧಾನವಾಗುತ್ತದೆ, ಸೀಕಮ್‌ನ ಸೂಕ್ಷ್ಮಾಣುಗಳ ಸಮತೋಲ ತಪ್ಪುತ್ತದೆ. ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಹೆಚ್ಚಿ ವಿಷ ಸ್ರವಿಸತೊಡಗಿದರೆ ಎಳೆಯ ಮರಿಗಳು ಒಂದೆರಡು ದಿನದಲ್ಲೇ ಸಾಯುತ್ತವೆ. ಉಳಿದ ಚಪಾತಿ, ಅನ್ನ, ಬ್ರೆಡ್ಡು, ಬಿಸ್ಕತ್ತುಗಳನ್ನು ಪ್ರೀತಿಯಿಂದ ಕೊಡುವವರು ಬಹಳ. ಮೊಲ ಆಸೆಯಿಂದ ತಿನ್ನುತ್ತದೆ ಎಂಬುದನ್ನೇ ಅವರು ಪುರಾವೆ ಎಂದುಕೊಳ್ಳುತ್ತಾರೆ. ಸಿಹಿ, ಪಿಷ್ಟಗಳು ಅಪರೂಪವಾಗಿದ್ದ ನೆಲದಿಂದ ಬಂದ ಪ್ರಾಣಿಗೆ ಅವು ಸಿಕ್ಕಿದಾಗ ಬಿಡುವ ಅಭ್ಯಾಸವೇ ಇಲ್ಲ.

ಆದ್ದರಿಂದ ಮೊದಲ ನಿಯಮ: ದಿನದ ಆಹಾರದಲ್ಲಿ ಶೇ 80ಕ್ಕೂ ಹೆಚ್ಚು ಭಾಗ ಒಣಹುಲ್ಲು ಅಥವಾ ಹಸಿಹುಲ್ಲು ಇರಬೇಕು. ಅದು ಹಗಲೂ ರಾತ್ರಿ ಬಾಯಿಗೆಟುಕುವಂತಿರಲಿ. ಟಿಮೊಥಿ, ಓಟ್ ಹುಲ್ಲುಗಳು ಈಗ ನಗರಗಳಲ್ಲಿ ಸಿಗುತ್ತವೆ. ಗರಿಕೆಯಂತೂ ನಮ್ಮ ಭಾಗ್ಯ. ಗಣಪತಿಗೆಂದು ಹೂವಿನಂಗಡಿಗಳಲ್ಲಿ ಮಾರುವ ಗರಿಕೆಯನ್ನು ಚೆನ್ನಾಗಿ ತೊಳೆದರೆ ಮೊಲಕ್ಕೆ ಉತ್ತಮ ಊಟ. ಭತ್ತದ ಹುಲ್ಲು, ರಾಗಿ ಹುಲ್ಲು ಕಾಳು ಬಲಿತ ಮೇಲೆ ಉಳಿದ ಕಡ್ಡಿ; ಹಾಸಲು, ಕಡಿಯಲು ಸರಿ, ಅದೊಂದನ್ನೇ ನೆಚ್ಚಲಾಗದು. ಕುದುರೆ ಮಸಾಲೆಯಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಹೆಚ್ಚು. ಬೆಳೆಯುವ ಮರಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ಬೇಡ. ಎಳೆಯ ಜೋಳದ ಪೈರನ್ನು ದನಕ್ಕೆ ಹಾಕಬಾರದೆಂದು ರೈತರಿಗೆ ಗೊತ್ತು. ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಮೊಲಕ್ಕೂ ಹಾಕಬೇಡಿ. ಅಂಗಡಿಯ ಪೆಲೆಟ್ ಕೊಡುವುದಾದರೆ ದೊಡ್ಡ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರದಿರಲಿ.

ಹುಲ್ಲು ಇಷ್ಟು ಮುಖ್ಯವಾದರೆ ಸೊಪ್ಪು ಯಾಕೆ? ಮುಖ್ಯವಾಗಿ ನೀರಿಗಾಗಿ. ಕೊತ್ತಂಬರಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇದೆ. ನೀರು ಹೆಚ್ಚು ಹೋದಷ್ಟೂ ಮೂತ್ರಕೋಶ ತೊಳೆದುಹೋಗುತ್ತದೆ, ಕರುಳಿನ ಸಾಮಗ್ರಿ ಗಟ್ಟಿಯಾಗುವುದಿಲ್ಲ. ಜೊತೆಗೆ ಬಗೆಬಗೆಯ ಎಲೆಗಳಿಂದ ಖನಿಜ, ಜೀವಸತ್ವಗಳು ಸಿಗುತ್ತವೆ. ಸಿ ಜೀವಸತ್ವದ ಚಿಂತೆ ಬೇಕಿಲ್ಲ. ಮೊಲ ಅದನ್ನು ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ಗಿನಿಯಿಲಿಗೆ ಆ ಶಕ್ತಿಯಿಲ್ಲ.

ಮೊಲ ಕ್ಯಾಲ್ಸಿಯಂ ನಿಭಾಯಿಸುವ ರೀತಿಯನ್ನು ತಿಳಿದರೆ ಸೊಪ್ಪಿನ ಆಯ್ಕೆ ಅರ್ಧ ಮುಗಿದಂತೆ. ನಮ್ಮ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರುತ್ತದೆ. ಮೊಲದ ಕರುಳು ಸಿಕ್ಕಿದ್ದರಲ್ಲಿ ಬಹುಪಾಲನ್ನು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರಕ್ಕೆ ಬಿಡುತ್ತದೆ. ಉಳಿದ ಹೆಚ್ಚಿನ ಸಸ್ತನಿಗಳಲ್ಲಿ ಮೂತ್ರಪಿಂಡ ಹೊರಹಾಕುವ ಪಾಲು ಶೇ 2ಕ್ಕಿಂತ ಕಡಿಮೆ. ಮೊಲದಲ್ಲಿ ಅದು ಶೇ 45ರಿಂದ 60. ಮೊಲದ ಮೂತ್ರ ಒಣಗಿದ ಜಾಗದಲ್ಲಿ ಸುಣ್ಣದಂಥ ಬಿಳಿ ಕಲೆ ಉಳಿಯುವುದು ಇದರಿಂದ. ಸ್ವಲ್ಪ ಬಿಳಿಯಾಗಿದ್ದರೆ ಸಹಜ. ಹಿಟ್ಟಿನಂತೆ ದಪ್ಪವಾಗಿ ಇಳಿದರೆ ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತಿದೆ ಎಂದೇ ತಿಳಿಯಬೇಕು. ನುಗ್ಗೆಸೊಪ್ಪು, ಅಗಸೆಸೊಪ್ಪು, ಕರಿಬೇವುಗಳಲ್ಲಿ ಕ್ಯಾಲ್ಸಿಯಂ ಬಹಳ. ನಮಗೆ ಅವು ವರ, ಮೊಲಕ್ಕೆ ಅಪರೂಪಕ್ಕೊಂದು ಎಸಳು ಸಾಕು.

ಸೊಪ್ಪಿನಲ್ಲಿ ಗಮನಿಸಬೇಕಾದ ಇನ್ನೊಂದು ವಸ್ತು ಆಕ್ಸಲೇಟ್. ಪಾಲಕ್, ದಂಟು, ಹರಿವೆ, ಬಸಳೆ, ಬೀಟ್‌ರೂಟ್ ಎಲೆ, ಗೋಣಿಸೊಪ್ಪುಗಳಲ್ಲಿ ಇದು ಹೆಚ್ಚು. ಇವು ವಿಷವಲ್ಲ. ದಿನಕ್ಕೆ ಇವುಗಳಲ್ಲಿ ಒಂದೇ ಬಗೆ, ಅದೂ ಸ್ವಲ್ಪ, ಮಾರನೆಯ ದಿನ ಬೇರೆ ಸೊಪ್ಪು ಎಂದಿಟ್ಟುಕೊಂಡರೆ ಭಯವಿಲ್ಲ. ತೊಂದರೆ ಆಗುವುದು ಮನೆಯಲ್ಲಿ ಪಾಲಕ್ ಅಗ್ಗಕ್ಕೆ ಸಿಕ್ಕಿತೆಂದು ವಾರವಿಡೀ ಅದನ್ನೇ ಹಾಕಿದಾಗ.

ಹಾಗಾದರೆ ದಿನವೂ ಯಾವುದು? ಕೊತ್ತಂಬರಿ, ಸಬ್ಬಸಿಗೆ, ಪುದೀನ, ಕಾಮಕಸ್ತೂರಿ, ಮೂಲಂಗಿ ಸೊಪ್ಪು, ಗಜ್ಜರಿಯ ಮೇಲಿನ ಸೊಪ್ಪು. ಇವನ್ನು ಅಡಿಪಾಯ ಮಾಡಿಕೊಳ್ಳಿ. ಹೂಕೋಸಿನ ಎಲೆ, ನವಿಲುಕೋಸಿನ ಎಲೆ ಸ್ವಲ್ಪ ಸ್ವಲ್ಪ ಇರಲಿ. ಎಲೆಕೋಸನ್ನು ಕೆಲವು ಮೊಲಗಳ ಹೊಟ್ಟೆ ತಾಳುವುದಿಲ್ಲ, ಉಬ್ಬರಿಸುತ್ತದೆ. ಮಾರುಕಟ್ಟೆಯಲ್ಲಿ ಹೂಕೋಸಿನ ಎಲೆ, ಮೂಲಂಗಿಯ ಸೊಪ್ಪನ್ನು ಮುರಿದು ಬಿಸಾಡುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಪರಿಚಯದ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ತಾಜಾ ಎಲೆಯನ್ನು ತೆಗೆದಿಡುತ್ತಾರೆ.

ಗಜ್ಜರಿ ಗೆಡ್ಡೆಯ ವಿಷಯವಾಗಿ ಜನರಿಗಿರುವ ನಂಬಿಕೆಗೆ ಸಿನಿಮಾದ ಪಾಲು ದೊಡ್ಡದು. ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲ 1940ರಿಂದ ಗಜ್ಜರಿ ಕಡಿಯುತ್ತಲೇ ಬಂದಿದೆ. ನಿಜದ ಮೊಲ ಕಾಡಿನಲ್ಲಿ ಗೆಡ್ಡೆ ಅಗೆದು ತಿನ್ನುವುದು ಅಪರೂಪ. ಗೆಡ್ಡೆಯಲ್ಲಿ ಸಕ್ಕರೆ ಹೆಚ್ಚು. ಹೆಬ್ಬೆರಳ ತುದಿಯಷ್ಟು ತುಂಡು, ವಾರಕ್ಕೆ ಒಂದೆರಡು ಸಲ, ಸಾಕು. ಬಾಳೆಹಣ್ಣು, ಸೇಬಿಗೂ ಇದೇ ಲೆಕ್ಕ. ಸೇಬಿನ ಬೀಜ ತೆಗೆದುಬಿಡಿ.

ಕೊಡಲೇಬಾರದವು: ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಹೂವು, ಬೆಣ್ಣೆಹಣ್ಣು ಮತ್ತದರ ಎಲೆ, ಆಲೂಗಡ್ಡೆಯ ಮೊಳಕೆ ಹಾಗೂ ಹಸಿರುಗಟ್ಟಿದ ಭಾಗ, ಟೊಮೆಟೊ ಗಿಡದ ಎಲೆ, ನೆನೆದ ಕಾಳು, ಚಾಕೊಲೇಟು. ಅಂಗಳದಲ್ಲಿ ಬಿಡುವವರು ಕಣಗಿಲೆ, ಎಕ್ಕ, ಲಂಟಾನ ಇದ್ದ ಕಡೆ ಬಿಡಬೇಡಿ. ಖಾಲಿ ಸೈಟಿನಿಂದ ಹುಲ್ಲು ಕೊಯ್ದು ತಂದರೆ ಅದರೊಳಗೆ ಪಾರ್ಥೇನಿಯಂ ಎಳೆ ಇದೆಯೇ, ಕಳೆನಾಶಕ ಹೊಡೆದ ಜಾಗವೇ ಎಂದು ನೋಡಲೇಬೇಕು. ಯಂತ್ರದಲ್ಲಿ ಕತ್ತರಿಸಿದ ಲಾನಿನ ಹುಲ್ಲು ರಾಶಿಯಲ್ಲಿ ಬೇಗ ಬಿಸಿಯಾಗಿ ಹುದುಗುತ್ತದೆ, ಅದು ಬೇಡ.

ಪ್ರಮಾಣಕ್ಕೆ ಸುಲಭದ ಅಳತೆ ಇದೆ: ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು ಒಂದು ಕಪ್ ಬಿಡಿಸಿದ ಸೊಪ್ಪು. ಎರಡು ಕಿಲೋ ಮೊಲಕ್ಕೆ ಎರಡು ಕಪ್, ಬೆಳಗ್ಗೆ ಒಂದು, ಸಂಜೆ ಒಂದು. ಒಂದು ದಿನಕ್ಕೆ ಕನಿಷ್ಠ ಮೂರು ಬಗೆಯ ಎಲೆ ಇರಲಿ. ಸೋಮವಾರ ಕೊತ್ತಂಬರಿ, ಮೂಲಂಗಿ ಸೊಪ್ಪು, ಪುದೀನ. ಮಂಗಳವಾರ ಕೊತ್ತಂಬರಿ, ಸಬ್ಬಸಿಗೆ, ಸ್ವಲ್ಪ ಪಾಲಕ್. ಬುಧವಾರ ಕಾಮಕಸ್ತೂರಿ, ಮೂಲಂಗಿ ಸೊಪ್ಪು, ಒಂದು ಹೂಕೋಸಿನ ಎಲೆ. ಹೀಗೆ ಸರದಿ ತಿರುಗಿಸಿ. ಮನೆಯವರ ಸಾರಿಗೆ, ಪಲ್ಯಕ್ಕೆ ತರುವ ಕಟ್ಟುಗಳಲ್ಲೇ ಇದೆಲ್ಲ ಆಗಿಹೋಗುತ್ತದೆ; ಒಗ್ಗರಣೆ ಬೀಳುವ ಮೊದಲು ಮೊಲದ ಪಾಲು ಎತ್ತಿಟ್ಟರಾಯಿತು.

ತಂದ ಕಟ್ಟನ್ನು ಮೊದಲು ಬಿಚ್ಚಿ. ಕಟ್ಟಿದ ರಬ್ಬರ್ ಬ್ಯಾಂಡು, ದಾರ ಒಂದೂ ಉಳಿಯದಂತೆ ನೋಡಿ. ಮೊಲ ರಬ್ಬರನ್ನೂ ನುಂಗುತ್ತದೆ, ಕಕ್ಕಲಾರದು. ಹಳದಿಯಾದ, ಲೋಳೆಗಟ್ಟಿದ ಎಲೆಗಳನ್ನೂ ನಡುವೆ ಸೇರಿದ ಕಳೆಯನ್ನೂ ತೆಗೆದುಹಾಕಿ. ಬೇರು ಕತ್ತರಿಸಿ, ದೊಡ್ಡ ಪಾತ್ರೆಯ ನೀರಿನಲ್ಲಿ ಅಲುಗಾಡಿಸಿ, ಮಣ್ಣು ಅಡಿಗೆ ಕೂರುವವರೆಗೆ ಬಿಟ್ಟು ಎತ್ತಿ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ, ಕೊನೆಗೆ ನಲ್ಲಿಯ ಕೆಳಗೆ ಹಿಡಿಯಿರಿ. ಎಲೆಯ ಮೇಲಿರುವ ಕೀಟನಾಶಕ ಒಂದಷ್ಟು ಹೀಗೆ ಹೋಗುತ್ತದೆ. ಗಿಡ ಒಳಗೆ ಹೀರಿಕೊಂಡದ್ದು ತೊಳೆದರೂ ಹೋಗದು. ಹಾಗಾಗಿ ಬಾಲ್ಕನಿಯ ಎರಡು ಕುಂಡಗಳಲ್ಲಿ ಧನಿಯ ಒಡೆದು ಬಿತ್ತಿ, ಪುದೀನದ ಕಡ್ಡಿ ನೆಟ್ಟುಕೊಳ್ಳುವುದು ಒಳ್ಳೆಯದು.

ಸಣ್ಣಗೆ ಹೆಚ್ಚಬೇಡಿ. ದಂಟು ಸಮೇತ ಉದ್ದವಾಗಿಯೇ ಕೊಡಿ, ಮೊಲ ಎಳೆದು ಜಗಿಯಲಿ. ಒದ್ದೆ ಸೊಪ್ಪು ಕೊಟ್ಟರೆ ಭೇದಿಯಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎಲೆಯ ಮೇಲಿನ ನೀರು ಲಾಭವೇ. ಭೇದಿ ತರುವುದು ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆತ ಸೊಪ್ಪು. ಉಳಿಸಿಡುವ ಸೊಪ್ಪನ್ನು ತೊಳೆಯದೆ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಬರುತ್ತದೆ. ತಟ್ಟೆಯಲ್ಲಿ ಬಾಡಿದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆದುಬಿಡಿ.

ಹೊಸ ಸೊಪ್ಪು ಶುರುಮಾಡುವಾಗ ಅವಸರ ಬೇಡ. ಸೀಕಮ್‌ನ ಸೂಕ್ಷ್ಮಾಣುಗಳಿಗೆ ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಮರಿಗೆ ಮೂರು ತಿಂಗಳು ತುಂಬುವವರೆಗೆ ಹುಲ್ಲು, ಪೆಲೆಟ್‌ಗಳೇ ಇರಲಿ. ಆಮೇಲೆ ಒಂದು ವಾರಕ್ಕೆ ಒಂದೇ ಹೊಸ ಸೊಪ್ಪು, ಮೊದಲ ದಿನ ಒಂದೆರಡು ಎಲೆ. ಹಿಕ್ಕೆ ಮೆತ್ತಗಾದರೆ ಆ ಸೊಪ್ಪನ್ನು ನಿಲ್ಲಿಸಿ, ಹುಲ್ಲಿನ ಮೇಲಷ್ಟೇ ಇಡಿ. ಯಾವ ಸೊಪ್ಪು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಮುಂದೆ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ಹಿಕ್ಕೆಯೇ ಅದರ ಆರೋಗ್ಯದ ವರದಿ. ದಿನವೂ ಗೂಡು ಗುಡಿಸುವಾಗ ಗಾತ್ರ, ಸಂಖ್ಯೆ ನೋಡಿ. ಸಣ್ಣದಾಗಿವೆಯೇ, ಕಡಿಮೆಯಾಗಿವೆಯೇ? ಮುಂಜಾನೆ ಇಟ್ಟ ಕೊತ್ತಂಬರಿಯನ್ನು ಮೂಸಿಯೂ ನೋಡದೆ ಮೂಲೆಯಲ್ಲಿ ಮುದುಡಿ ಕೂತು ಹಲ್ಲು ಕಡಿಯುತ್ತಿದೆಯೇ? ಕರುಳು ನಿಲ್ಲುತ್ತಿದೆ ಎಂದೇ ಅರ್ಥ. ಹನ್ನೆರಡು ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲ ಜೀವಾಪಾಯದಲ್ಲಿದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಔಷಧಿಯೇ ಮೊಲದ ಸೀಕಮ್ಮನ್ನು ಹಾಳುಮಾಡಿ ಕೊಲ್ಲಬಲ್ಲದು. ನಾಯಿ, ಬೆಕ್ಕು ನೋಡುವ ಎಲ್ಲರಿಗೂ ಮೊಲದ ಚಿಕಿತ್ಸೆಯ ಅಭ್ಯಾಸ ಇರುವುದಿಲ್ಲ. ಮೊಲ ನೋಡುವ ಪಶುವೈದ್ಯರು ನಿಮ್ಮ ಊರಿನಲ್ಲಿ ಯಾರಿದ್ದಾರೆಂದು ಈಗಲೇ ವಿಚಾರಿಸಿ, ಅವರ ಫೋನ್ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.