ಗಂಡ ಬಿಟ್ಟರೂ ಬಿಡದ ಕಂತು

ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಕಡೆ ಗಂಡ ಹೆಂಡತಿ ಬೇರೆಯಾಗುವಾಗ ಮೊದಲು ಲೆಕ್ಕಕ್ಕೆ ಬರುವುದು ಒಡವೆ, ಪಾತ್ರೆ, ಬೀರು. ಆಮೇಲೆ ಮಕ್ಕಳು ಯಾರ ಹತ್ತಿರ ಇರಬೇಕೆಂಬ ಜಗಳ. ಸಾಲದ ಮಾತು ಬರುವುದು ಎಲ್ಲ ಮುಗಿದ ಮೇಲೆ, ಕಂತಿನವರು ತವರುಮನೆಯ ಬಾಗಿಲು ಬಡಿದಾಗ. ಇಲ್ಲಿನ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಾ ಬಂದಿರುವ ನನ್ನ ಅನುಭವದಲ್ಲಿ, ಜೀವನಾಂಶದ ಕೇಸಿಗಿಂತ ಹೆಣ್ಣುಮಕ್ಕಳನ್ನು ಹೆಚ್ಚು ಹಣ್ಣು ಮಾಡುವುದು ಇಬ್ಬರೂ ಸಹಿ ಹಾಕಿದ ಸಾಲ.

ಒಬ್ಬಾಕೆಯ ವಿಷಯ ಹೇಳುತ್ತೇನೆ, ಗುರುತು ಬಿಟ್ಟು. ಮೊಳಕಾಲ್ಮುರು ಕಡೆಯ ನೇಕಾರರ ಮನೆಯ ಮಗಳು, ಕೂಲಿಗೆ ರೇಷ್ಮೆ ಸೀರೆ ನೇಯುವವಳು. ಗಂಡನದು ಚಳ್ಳಕೆರೆ ಕಡೆಯ ಶೇಂಗಾ ಹೊಲ. ಮಳೆ ಕೈಕೊಟ್ಟ ವರ್ಷ ಬೋರ್‌ವೆಲ್ ಕೊರೆಸಲು ಆಕೆಯ ಹೆಸರಲ್ಲಿ ಸಂಘದ ಸಾಲ ಎತ್ತಿದರು. ಟ್ರ್ಯಾಕ್ಟರ್ ಸಾಲಕ್ಕೆ ಆಕೆಯೇ ಜಾಮೀನು. ನೀರೂ ಬರಲಿಲ್ಲ, ಸಂಸಾರವೂ ನಿಲ್ಲಲಿಲ್ಲ. ಊರ ಹಿರಿಯರು ಕೂತು ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬರೆಸಿದರು: ‘ಸದರಿ ಸಾಲಗಳನ್ನು ಗಂಡನೇ ತೀರಿಸತಕ್ಕದ್ದು.’ ಆ ಕಾಗದವನ್ನು ಕಂತಿನ ಕಾರ್ಡಿನ ಜತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಕಾರ್ಡಿನಲ್ಲಿ ವಾರವಾರವೂ ಬಿದ್ದಿದ್ದ ಸಹಿ ಒಂದು ಸಾಲಿನಿಂದಾಚೆಗೆ ನಿಂತೇ ಹೋಗಿತ್ತು. ‘ಬರ್ಕೊಟ್ಟವ್ನಲ್ಲ ಮೇಡಂ, ಇನ್ನ ನನ್ನ ಯಾಕೆ ಕೇಳ್ತಾರೆ?’ ಅಂದಳು.

ಕೇಳುತ್ತಾರೆ, ಯಾಕೆಂದರೆ ಸಾಲ ಕೊಟ್ಟವರು ಆ ಪಂಚಾಯಿತಿಯಲ್ಲಿ ಕೂತಿರಲಿಲ್ಲ. 1872ರ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ ಇಬ್ಬರು ಸೇರಿ ಸಾಲ ಮಾಡಿದರೆ, ಬೇರೆ ಕರಾರಿಲ್ಲದಿದ್ದಾಗ, ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. 128ನೇ ಕಲಮು ಜಾಮೀನುದಾರರ ಹೊಣೆಯನ್ನೂ ಸಾಲಗಾರನ ಹೊಣೆಯಷ್ಟೇ ಮಾಡುತ್ತದೆ. ಹಿರಿಯರ ಕಾಗದ ಹಾಗಿರಲಿ, ಕೋರ್ಟಿನ ಡಿಕ್ರಿಯಲ್ಲಿ ‘ಗಂಡ ಕಟ್ಟಬೇಕು’ ಎಂದು ಬರೆದಿದ್ದರೂ ಆ ಕೇಸಿನಲ್ಲಿ ಇಲ್ಲದ ಬ್ಯಾಂಕಿನ ಕೈ ಕಟ್ಟುವುದಿಲ್ಲ. ಜಾಮೀನಿಗೆ ನಿಂತವಳು ತಾನು ಕಟ್ಟಿದ ಮೇಲೆ ಗಂಡನಿಂದ ವಸೂಲಿ ಮಾಡಬಹುದು, ಆ ಹಕ್ಕು 145ನೇ ಕಲಮಿನಲ್ಲಿದೆ. ಮೊದಲು ಕಟ್ಟು, ಆಮೇಲೆ ಕೇಳು! ಕಟ್ಟುವಷ್ಟು ದುಡ್ಡಿದ್ದಿದ್ದರೆ ಆಕೆ ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಅಂದಹಾಗೆ, ಆ ಛಾಪಾ ಕಾಗದದಿಂದ ಡೈವೋರ್ಸೂ ಆಗಿರಲಿಲ್ಲ. ಹಿಂದೂ ವಿವಾಹ ಕಾಯ್ದೆ ಪದ್ಧತಿಯ ವಿಚ್ಛೇದನವನ್ನು ಒಪ್ಪುತ್ತದೆ, ಆದರೆ ಅಂಥ ಪದ್ಧತಿ ನಮ್ಮಲ್ಲಿದೆ ಎಂದು ಸಾಬೀತು ಮಾಡಬೇಕು.

ಸಂಘದ ಸಾಲದ ತೊಡಕು ಇನ್ನೊಂದು ಥರ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ, ಮತ್ತು ಎಲ್ಲ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಇಲ್ಲಿ ‘ಮನೆ’ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮನೆ ಒಡೆದಾಗ ಆದಾಯ ಒಂದೇ ಕೈಯದಾಗುತ್ತದೆ, ಕಂತು ಮಾತ್ರ ಎರಡು ಕೈಯ ಲೆಕ್ಕದಲ್ಲೇ ಉಳಿಯುತ್ತದೆ. ಒಬ್ಬಳು ತಪ್ಪಿಸಿದರೆ ಗುಂಪಿನ ಉಳಿದ ಹೆಂಗಸರ ಮುನಿಸು ಬೇರೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದು ನಮ್ಮ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ ದೂರು ಕೊಡಬಹುದು, ಹಾಗೆಂದು ನೋಂದಾಯಿತ ಸಂಸ್ಥೆಯ ಸಾಲ ಮನ್ನಾ ಆಗುವುದಿಲ್ಲ.

ಇನ್ನು ಗಂಡಂದಿರ ಮಾಮೂಲಿ ಉತ್ತರ: ‘ನನಗೇ ತಲೆ ಮುಳುಗುವಷ್ಟು ಸಾಲ, ಜೀವನಾಂಶ ಎಲ್ಲಿಂದ ತರಲಿ ಸ್ವಾಮಿ?’ ಕೆಲವರ ವಿಷಯದಲ್ಲಿ ಇದು ನಿಜ. ಬತ್ತಿದ ಬೋರಿನ ಮುಂದೆ ಕೂತ ಅಂಥವರ ಪರವಾಗಿಯೂ ನಾನು ವಾದಿಸಿದ್ದೇನೆ. ಆದರೆ ನೋಟಿಸ್ ಬಂದಮೇಲೆ ಹುಟ್ಟಿಕೊಂಡ ಕೈಸಾಲಗಳೂ ಕಡಿಮೆಯಿಲ್ಲ. ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಇದಕ್ಕೊಂದು ದಾರಿ ಮಾಡಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲವನ್ನೆಲ್ಲ ಪ್ರಮಾಣಪತ್ರದಲ್ಲಿ ಬಿಡಿಸಿಡಬೇಕು; ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಸಂಬಳದ ಚೀಟಿ ಇಲ್ಲದ ನಮ್ಮ ಸೀಮೆಯಲ್ಲಿ ನಾವು ಹುಡುಕುವುದು ಪಹಣಿ, ಶೇಂಗಾ ಮಾರಿದ ಎಪಿಎಂಸಿ ರಸೀದಿ, ಡೇರಿ ಪಾಸ್‌ಬುಕ್, ಕುರಿಗಳ ಸಂಖ್ಯೆ. ತಾನಾಗಿ ಮಾಡಿಕೊಂಡ ಸಾಲದ ಕಂತು ತೋರಿಸಿ ಜೀವನಾಂಶ ಕಡಿಮೆ ಮಾಡಿಸುವುದು ಸುಲಭವಲ್ಲ. 2024ರ ಡಿಸೆಂಬರ್‌ನಲ್ಲಂತೂ ಸುಪ್ರೀಂ ಕೋರ್ಟ್, ಬಾಕಿ ಜೀವನಾಂಶಕ್ಕೆ ಗಂಡನ ಆಸ್ತಿಯ ಮೇಲೆ ಅಡಮಾನ ಹಿಡಿದು ಸಾಲ ಕೊಟ್ಟವರಿಗಿಂತಲೂ ಮೊದಲ ಹಕ್ಕು ಎಂದಿತು.

ಜೀವನಾಂಶದ ಹಳೆಯ 125ನೇ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. 2001ರವರೆಗೆ ತಿಂಗಳಿಗೆ 500 ರೂಪಾಯಿ ಮಿತಿ ಇತ್ತು, ಈಗಿಲ್ಲ. ಹೆಂಡತಿ ತಾನಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ಆದೇಶವಾದ ಮೇಲೆ ಗಂಡ ಕೊಡದಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು. ಕೊಟ್ಟಾನು, ಕೊಟ್ಟಾನು ಎಂದು ಕಾಯುತ್ತ ಕೂತು ಈ ಅವಧಿ ಕಳೆದುಕೊಂಡವರು ಬಹಳ. ಕೊಡದೆ ಜೈಲಿಗೆ ಹೋಗಿಬಂದವನ ಬಾಕಿಯೂ ತೀರುವುದಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಮನಸ್ಸು ಬದಲಾಗಲಿ ಎಂದು ಕಾನೂನು ಕೊಟ್ಟ ಆ ಕಾಲವನ್ನು ನಾನು ಸಾಲ ಹರಿಸಲು ಬಳಸುತ್ತೇನೆ. ಬ್ಯಾಂಕಿನಿಂದ ಬಾಕಿಯ ಪಟ್ಟಿ ತರಿಸುವುದು, ಒಪ್ಪಿದ ಹಣದಲ್ಲಿ ಒಂದು ಪಾಲನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿಸುವುದು, ಇಲ್ಲವೇ ಬೇರೆ ಜಾಮೀನು ಕೊಡಿಸಿ ಆಕೆಯ ಹೆಸರು ತೆಗೆದದ್ದಕ್ಕೆ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯುವುದು. ನೋ ಡ್ಯೂ ಸರ್ಟಿಫಿಕೇಟೋ ಆ ಒಪ್ಪಿಗೆಯ ಕಾಗದವೋ ಕೈಗೆ ಬಾರದೆ ಎರಡನೇ ಅರ್ಜಿಗೆ ಸಹಿ ಬೇಡ ಎನ್ನುತ್ತೇನೆ. ಎದುರು ಪಾರ್ಟಿಯ ವಕೀಲರು ಗೊಣಗುತ್ತಾರೆ, ಗೊಣಗಲಿ. ನೇಕಾರರ ಮಗಳ ಪ್ರಕರಣದಲ್ಲಿ ಗಂಡನ ಕಡೆಯವರು ಕುರಿ ಮಾರಿ ಟ್ರ್ಯಾಕ್ಟರ್ ಸಾಲ ಚುಕ್ತಾ ಮಾಡಿದರು. ಸಂಘದ ಕಂತನ್ನು ಮಾತ್ರ ಆಕೆ ಜೀವನಾಂಶದ ದುಡ್ಡಿನಲ್ಲೇ ಕಟ್ಟುತ್ತಿದ್ದಾಳೆ.