ಪೌಂಡೇಜ್: ತೂಕದ ಮೇಲೋ, ಬೆಲೆಯ ಮೇಲೋ?

ಇಂಗ್ಲಿಷಿನಲ್ಲಿ ‘ಪೌಂಡೇಜ್’ ಎಂಬ ಮಾತೊಂದುಂಟು. ನಿಘಂಟು ತೆರೆದರೆ ಅದಕ್ಕೆ ತೂಕವೆಂದೂ ಅರ್ಥ, ಶುಲ್ಕವೆಂದೂ ಅರ್ಥ. ಮಾಲು ಮಾರುವ ಬೆಳೆಗಾರರು ಈ ಎರಡರ ನಡುವಣ ವ್ಯತ್ಯಾಸವನ್ನು ಅರಿತಿರುವುದು ಒಳ್ಳೆಯದು.

ನಮ್ಮ ಹಿರಿಯರು ರಾತಲು ಎನ್ನುತ್ತಿದ್ದ ಪೌಂಡು ಸುಮಾರು 454 ಗ್ರಾಂ. ಹಿಂದೆ ಇಂಗ್ಲೆಂಡಿನಲ್ಲಿ ಒಂದು ಪೌಂಡು ಬೆಳ್ಳಿಗೆ 240 ಪೆನ್ನಿ ಎಂದು ಎಣಿಸುತ್ತಿದ್ದುದರಿಂದ ತೂಕದ ಹೆಸರೇ ಹಣದ ಹೆಸರೂ ಆಯಿತು. ಹೀಗಾಗಿ ಪೌಂಡೇಜ್ ಎಂದರೆ ಪೌಂಡು ತೂಕಕ್ಕೆ ಇಂತಿಷ್ಟು ಎಂದೂ ಆದೀತು, ಪೌಂಡು ಹಣಕ್ಕೆ ಇಂತಿಷ್ಟು ಎಂದೂ ಆದೀತು. ದನದ ದೊಡ್ಡಿಗೂ ಇಂಗ್ಲಿಷಿನಲ್ಲಿ ಪೌಂಡ್ ಎನ್ನುವರು. ಅದು ಬೇರೆಯೇ ಪದ. ದೊಡ್ಡಿಯಿಂದ ದನ ಬಿಡಿಸಿಕೊಳ್ಳಲು ಕಟ್ಟುವ ಹಣವೂ ಪೌಂಡೇಜೇ!

ಈ ಹೆಸರಿನ ಹಳೆಯ ಸುಂಕ ಬೆಲೆಯ ಮೇಲಿನದು. ಸಾಮಾನ್ಯವಾಗಿ ಒಂದು ಪೌಂಡು ಬೆಲೆಯ ಸರಕಿಗೆ ಒಂದು ಷಿಲ್ಲಿಂಗ್, ಅಂದರೆ ನೂರಕ್ಕೆ 5. 1625ರಲ್ಲಿ ಪಾರ್ಲಿಮೆಂಟಿನ ಕೆಳಮನೆ ಇದನ್ನು ದೊರೆ ಒಂದನೇ ಚಾರ್ಲ್ಸನಿಗೆ ಒಂದೇ ವರ್ಷಕ್ಕೆ ಕೊಡಲು ಒಪ್ಪಿತು. ದೊರೆ ಒಪ್ಪಿಗೆಯಿಲ್ಲದೆಯೇ ವಸೂಲಿ ಮುಂದುವರಿಸಿದ. 1629ರಲ್ಲಿ ಕೆಳಮನೆ ಪ್ರತಿಭಟಿಸಿತು. 1641ರ ಕಾಯಿದೆ ಅಂಥ ವಸೂಲಿ ಅಕ್ರಮವೆಂದು ಸಾರಿತು.

ಈಗ ನಮ್ಮ ಅಂಗಳದ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ಒಂದು ಕ್ವಿಂಟಲ್ ಅಡಿಕೆಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿ. ನೂರಕ್ಕೆ 2ರಂತೆ ಶುಲ್ಕ 800 ರೂಪಾಯಿ. ಧಾರಣೆ 50,000ಕ್ಕೆ ಏರಿದರೆ ಅದು 1,000 ಆಗುವುದು. ಹೊರುವ ಚೀಲ ಅದೇ, ತೂಗುವ ಶ್ರಮವೂ ಅದೇ! ಕಿಲೋಗೆ 8 ರೂಪಾಯಿ ಎಂದು ಗೊತ್ತುಮಾಡಿದ್ದರೆ ಎರಡು ಸಲವೂ 800. ಆದರೆ ಧಾರಣೆ 30,000ಕ್ಕೆ ಕುಸಿದಾಗ ನೂರಕ್ಕೆ 2ರ ಲೆಕ್ಕದಲ್ಲಿ 600 ಸಾಕು. ತೂಕದ ಲೆಕ್ಕದಲ್ಲಿ 800 ತೆರಲೇಬೇಕು. ಆದ್ದರಿಂದ ಒಂದು ಸದಾ ಲಾಭ, ಇನ್ನೊಂದು ಸದಾ ನಷ್ಟ ಎನ್ನಲಾಗದು. ಹೊರುವುದು, ತೂಗುವುದು, ದಾಸ್ತಾನಿಡುವುದು ಇವಕ್ಕೆ ತೂಕದ ಲೆಕ್ಕ ಸರಿ. ಒಳ್ಳೆಯ ಧಾರಣೆ ದೊರಕಿಸುವ ಕೆಲಸಕ್ಕೆ ಬೆಲೆಯ ಲೆಕ್ಕ ಸರಿ ಎಂಬುದು ನಮ್ಮ ಅಭಿಪ್ರಾಯ.

ತೂಕದ ಲೆಕ್ಕವಾದರೆ ಯಾವ ತೂಕ ಎಂಬುದೂ ಮುಖ್ಯ. ಗೋಣಿಯ ತೂಕ ಕಳೆದರೋ? ಕಾಫಿಯ ತೇವ ನೋಡಿದ ಮೇಲೆ ತೂಗಿದರೋ? ಸಂಸ್ಕರಣಕ್ಕೆ ಕೊಟ್ಟ ಚೆರಿಯ ತೂಕಕ್ಕೋ, ಹೊರಬಂದ ಬೀಜದ ತೂಕಕ್ಕೋ?

ಸದಸ್ಯರು ಪಟ್ಟಿಗೆ ಸಹಿ ಹಾಕುವ ಮುನ್ನ ಇಷ್ಟನ್ನು ಕೇಳಿ ತಿಳಿಯಲಿ. ಕೇಳಲು ಸಂಕೋಚ ಬೇಡ. ನಮ್ಮ ಸಂಘದ ಪಟ್ಟಿಯಾದರೂ ಸರಿಯೇ.