ಒಂದೇ ವಾದ್ಯದ ವೃಂದ: ಯೇಲ್ ಚೆಲ್ಲೊ ವೃಂದ ಮತ್ತು ಚೇಂಬರ್ ಸಂಗೀತದ ಶಿಕ್ಷಣ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ‘ಚೇಂಬರ್ ಸಂಗೀತ’ ಎಂಬ ಹೆಸರು ಮೂಲತಃ ಸ್ಥಳಸೂಚಕವಾದುದು. ಅರಮನೆಯ ಅಥವಾ ಶ್ರೀಮಂತರ ಮನೆಯ ಕೋಣೆಯಲ್ಲಿ ಕೆಲವೇ ವಾದಕರು ಕುಳಿತು ನುಡಿಸುತ್ತಿದ್ದ ಸಂಗೀತಕ್ಕೆ ಆ ಹೆಸರು ಸಂದಿತು. ಕೋಣೆ ಸಭಾಂಗಣವಾಗಿ ಮಾರ್ಪಟ್ಟ ಮೇಲೂ ಹೆಸರು ಉಳಿದುಕೊಂಡಿತು. ಆದರೆ ಅದರ ಲಕ್ಷಣವನ್ನು ಈಗ ಸ್ಥಳದಿಂದ ನಿರ್ಧರಿಸುವಂತಿಲ್ಲ. ಬರೆದ ಸಂಗೀತದ ಪ್ರತಿಯೊಂದು ಎಳೆಯನ್ನೂ ಒಬ್ಬನೇ ವಾದಕ ನಿರ್ವಹಿಸುವುದು, ಸಾಮಾನ್ಯವಾಗಿ ನಿರ್ದೇಶಕನಿಲ್ಲದೆ ವಾದಕರೇ ಪರಸ್ಪರ ಆಲಿಸಿ ನಡೆಯನ್ನು ಕಾಯ್ದುಕೊಳ್ಳುವುದು, ಇವೆರಡೂ ಅದರ ಮುಖ್ಯ ಲಕ್ಷಣಗಳೆನ್ನಬಹುದು. ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ ಸೇರಿದ ತಂತಿವಾದ್ಯ ಚತುಷ್ಟಯ ಇದರ ಮಾದರಿ ರೂಪ. ಈ ಹಿನ್ನೆಲೆಯಲ್ಲಿ, ಎಂಟು, ಹನ್ನೆರಡು ಅಥವಾ ಇಪ್ಪತ್ತು ಚೆಲ್ಲೊಗಳು ಮಾತ್ರ ಸೇರಿ ನಡೆಸುವ ಕಚೇರಿಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಇಂತಹ ವೃಂದಗಳು ಸಂಗೀತ ವಿದ್ಯಾಲಯಗಳಲ್ಲಿಯೇ ಹೆಚ್ಚಾಗಿ ಬೆಳೆದಿರುವುದರಿಂದ ಈ ಪ್ರಶ್ನೆ ಶಿಕ್ಷಣಕ್ಕೂ ಸಂಬಂಧಿಸಿದೆ.

ಮೊದಲು ವಾದ್ಯದ ವಿಚಾರ. ಚೆಲ್ಲೊದ ನಾಲ್ಕು ತಂತಿಗಳು ಒಂದಕ್ಕೊಂದು ಷಡ್ಜ–ಪಂಚಮದ ಅಂತರದಲ್ಲಿ ಶ್ರುತಿಗೊಂಡಿರುತ್ತವೆ. ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 65, ಅತಿ ಮೇಲಿನದು 220. ವಯೊಲಿನ್ನಿನ ಅತಿ ಕೆಳಗಿನ ತಂತಿ 196ರಷ್ಟಿರುವುದನ್ನು ನೆನೆದರೆ, ಚೆಲ್ಲೊದ ಮೇಲಿನ ತಂತಿ ಮುಗಿಯುವೆಡೆಯಲ್ಲಿಯೇ ವಯೊಲಿನ್ ಆರಂಭವಾಗುತ್ತದೆಂದು ತಿಳಿಯುವುದು ತಪ್ಪಾಗುತ್ತದೆ. ವಾದಕನು ಎಡಗೈಯ ಹೆಬ್ಬೆರಳನ್ನು ತಂತಿಯ ಮೇಲೆ ಅಡ್ಡಲಾಗಿರಿಸಿ, ಅದನ್ನೇ ಮೆಟ್ಟಿಲಂತೆ ಬಳಸಿ ಬಹಳ ಮೇಲಿನ ಸ್ವರಗಳಿಗೂ ಏರಬಲ್ಲನು. ಹೀಗೆ ನಾಲ್ಕು ಸ್ಥಾಯಿಗಳಿಗೂ ಮಿಗಿಲಾದ ವ್ಯಾಪ್ತಿ ಒಂದೇ ವಾದ್ಯಕ್ಕೆ ದೊರಕುತ್ತದೆ. ಗಂಡಸಿನ ಅತಿ ಮಂದ್ರ ಕಂಠದಿಂದ ಹೆಣ್ಣಿನ ತಾರ ಕಂಠದವರೆಗಿನ ಎಲ್ಲ ಎಳೆಗಳನ್ನೂ ಚೆಲ್ಲೊಗಳೇ ಹಂಚಿಕೊಂಡು ನುಡಿಸಬಹುದು. ವಯೊಲಿನ್ನುಗಳಷ್ಟನ್ನೇ ಒಟ್ಟುಗೂಡಿಸಿದರೆ ಮಂದ್ರಸ್ಥಾಯಿ ಇಲ್ಲವಾಗುತ್ತದೆ. ಚೆಲ್ಲೊ ವೃಂದಕ್ಕೆ ಆ ಕೊರತೆಯಿಲ್ಲ.

ಕೊರತೆ ಬೇರೊಂದೆಡೆ ಇದೆ. ಮಂದ್ರ ಸ್ವರಗಳು ಹತ್ತಿರ ಹತ್ತಿರ ಕೂಡಿದಾಗ ಅವುಗಳ ಉಪಸ್ವರಗಳು ಒಂದರ ಮೇಲೊಂದು ಬಿದ್ದು ನಾದ ಕಲಕುತ್ತದೆ. ತಂಬೂರಿಯ ಮಂದ್ರ ಷಡ್ಜದ ತಂತಿಯಲ್ಲಿ ಅಂತರ ಗಾಂಧಾರ ತಾನಾಗಿ ಕೇಳಿಬರುವುದನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಆ ಗಾಂಧಾರ ಮೂಲಸ್ವರದಿಂದ ಎರಡು ಸ್ಥಾಯಿ ಮೇಲಿರುವುದರಿಂದಲೇ ಇಂಪಾಗಿರುತ್ತದೆ. ಅದೇ ಗಾಂಧಾರವನ್ನು ಮಂದ್ರ ಷಡ್ಜದ ಪಕ್ಕದಲ್ಲಿಯೇ ಇನ್ನೊಂದು ವಾದ್ಯ ನುಡಿಸಿದರೆ ಗದ್ದಲವಾಗುತ್ತದೆ. ಆದ್ದರಿಂದ ಚೆಲ್ಲೊ ವೃಂದಕ್ಕೆ ಬರೆಯುವ ರಚನಕಾರನು ಕೆಳಗಿನ ಎಳೆಗಳನ್ನು ವಿರಳವಾಗಿಯೂ ಮೇಲಿನವನ್ನು ನಿಬಿಡವಾಗಿಯೂ ಹೊಂದಿಸಬೇಕಾಗುತ್ತದೆ. ಎರಡನೆಯ ತೊಡಕು ನಾದಗುಣದ್ದು. ಚತುಷ್ಟಯದಲ್ಲಿ ವಯೊಲಿನ್ನಿನ ಎಳೆಯನ್ನು ಚೆಲ್ಲೊದ ಎಳೆಯಿಂದ ಕಿವಿ ಬಣ್ಣದಿಂದಲೇ ಗುರುತಿಸುತ್ತದೆ. ಎಲ್ಲವೂ ಒಂದೇ ವಾದ್ಯವಾದಾಗ ಆ ಆಸರೆ ತಪ್ಪುತ್ತದೆ. ಕಮಾನಿನ ಒತ್ತಡ, ವೇಗ, ಸೇತುವೆಗೆ ಅದು ಎಷ್ಟು ಸಮೀಪದಲ್ಲಿ ಚಲಿಸುತ್ತದೆಂಬುದು, ತಂತಿ ಮೀಟುವ ಬಗೆ ಇವುಗಳಿಂದಷ್ಟೇ ಒಂದು ಎಳೆಯನ್ನು ಇನ್ನೊಂದರಿಂದ ಬೇರ್ಪಡಿಸಬೇಕಾಗುತ್ತದೆ. ವಿದ್ಯಾರ್ಥಿಗಳ ದೃಷ್ಟಿಯಿಂದ ಈ ವೃಂದದ ನಿಜವಾದ ಬೆಲೆ ಇರುವುದು ಇಲ್ಲಿಯೇ.

ವಿದ್ಯಾಲಯದ ಚೆಲ್ಲೊ ವಿದ್ಯಾರ್ಥಿಯ ಸಾಮಾನ್ಯ ಜೀವನಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಗುರುವಿನ ಮುಂದೆ ಅವನು ಬಾಖನ ಆರು ಏಕವಾದ್ಯ ಸ್ವೀಟ್‌ಗಳನ್ನೂ ಕನ್ಚೆರ್ಟೊಗಳನ್ನೂ ಅಭ್ಯಾಸ ಮಾಡುತ್ತಾನೆ. ಅಲ್ಲಿ ಅವನು ಏಕಾಂಗಿ, ನಾಯಕ. ವಾದ್ಯವೃಂದದಲ್ಲಿ ಹಲವರೊಡನೆ ಒಂದೇ ಎಳೆಯನ್ನು ನುಡಿಸುತ್ತಾನೆ; ಬಹುಪಾಲು ಅದು ಬುಡದ ಎಳೆ. ಚೆಲ್ಲೊ ವೃಂದದಲ್ಲಾದರೋ ಒಂದು ಕೃತಿಯಲ್ಲಿ ಮೇಲ್‌ಸ್ವರದ ಗಾಯಕನಂತಿದ್ದವನು ಮುಂದಿನ ಕೃತಿಯಲ್ಲಿ ಎಂಟನೆಯ ಕುರ್ಚಿಯಲ್ಲಿ ಕುಳಿತು ತಂತಿ ಮೀಟುತ್ತ ಆಧಾರ ಒದಗಿಸಬೇಕಾಗುತ್ತದೆ. ಎಂಟನೆಯ ಕುರ್ಚಿಯ ಶ್ರುತಿ ಕದಲಿದರೆ ಮೊದಲ ಕುರ್ಚಿಯ ರಾಗಭಾವವೆಲ್ಲ ವ್ಯರ್ಥ. ಸ್ಪರ್ಧೆಗಳ ಮೂಲಕವೇ ಮೇಲೇರುವ ಯುವ ವಾದಕರಿಗೆ ಈ ಪಾಠ ಬೇರೆಲ್ಲೂ ಇಷ್ಟು ನೇರವಾಗಿ ದೊರೆಯಲಾರದು.

ಗುರುವೊಬ್ಬನ ಶಿಷ್ಯವರ್ಗವೇ ವೃಂದವಾಗುವ ಪದ್ಧತಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಒಂದು ಗಣ್ಯ ಕೃತಿಯನ್ನು ನೀಡಿತು. ಅಲ್ಲಿನ ಸಂಗೀತ ವಿದ್ಯಾಲಯದ ಅಧ್ಯಾಪಕ ಯೂಲಿಯಸ್ ಕ್ಲೆಂಗೆಲ್ (1859–1933) ಹನ್ನೆರಡು ಚೆಲ್ಲೊಗಳಿಗಾಗಿ ‘ಹಿಮ್ನುಸ್’ ಎಂಬ ರಚನೆಯನ್ನು 1920ರಲ್ಲಿ, ನಿರ್ದೇಶಕ ಆರ್ಥರ್ ನಿಕಿಶ್‌ನ 65ನೆಯ ಹುಟ್ಟುಹಬ್ಬಕ್ಕಾಗಿ ಬರೆದನು. ಅರ್ಧ ಶತಮಾನದ ತರುವಾಯ, 1972ರಲ್ಲಿ, ಬರ್ಲಿನ್ ಫಿಲ್‌ಹಾರ್ಮೊನಿಕ್‌ನ ಹನ್ನೆರಡು ಚೆಲ್ಲೊ ವಾದಕರು ಒಂದು ವೃಂದವಾಗಿ ರೂಪುಗೊಂಡದ್ದು ಇದೇ ಕೃತಿಯನ್ನು ನುಡಿಸುವ ನೆಪದಿಂದ.

ಅಮೆರಿಕದಲ್ಲಿ ಈ ಪದ್ಧತಿಗೆ ಸ್ಥಿರರೂಪ ನೀಡಿದವರು ಆಲ್ಡೊ ಪರಿಸೊ. ಬ್ರೆಜಿಲ್‌ನ ನಟಾಲ್ ನಗರದಲ್ಲಿ 1918ರಲ್ಲಿ ಜನಿಸಿದ ಅವರು 1946ರಲ್ಲಿ ಕನೆಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿರುವ ಯೇಲ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಬಂದರು. 1958ರಲ್ಲಿ ಅಲ್ಲಿಯೇ ಅಧ್ಯಾಪಕರಾಗಿ ಸೇರಿ 2018ರವರೆಗೆ ಅರವತ್ತು ವರ್ಷ ಬೋಧಿಸಿ, ಅದೇ ವರ್ಷದ ಕೊನೆಯಲ್ಲಿ ನೂರರ ವಯಸ್ಸಿನಲ್ಲಿ ನಿಧನರಾದರು. ಯೇಲ್ ಚತುಷ್ಟಯದ ಚೆಲ್ಲೊ ವಾದಕರಾಗಿ ಅವರು ಚೇಂಬರ್ ಸಂಗೀತವನ್ನು ಒಳಗಿನಿಂದ ಬಲ್ಲವರಾಗಿದ್ದರು. 1983ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ‘ಯೇಲ್ ಚೆಲ್ಲೋಸ್’ ಎಂಬ ವೃಂದವಾಗಿ ಸಂಘಟಿಸಿದರು. ಚೀನಾದ ಜಿಯಾನ್ ವಾಂಗ್ ಮೊದಲಾದ ಖ್ಯಾತ ವಾದಕರು ಅವರಲ್ಲಿ ಕಲಿತವರು.

ಈ ವೃಂದದ ಕಚೇರಿಗಳಿಗೂ ಧ್ವನಿಮುದ್ರಣಗಳಿಗೂ ಬೆನ್ನೆಲುಬಾದುದು ಪರಿಸೊ ಅವರ ನಾಡಿನವನೇ ಆದ, ಸ್ವತಃ ಚೆಲ್ಲೊ ವಾದಕನಾಗಿದ್ದ ಹೈಟರ್ ವಿಲ್ಲಾ-ಲೋಬೋಸ್‌ನ (1887–1959) ಕೃತಿಗಳು. ಅವನು ತನ್ನ ಎರಡನೆಯ ಚೆಲ್ಲೊ ಕನ್ಚೆರ್ಟೊವನ್ನು 1953ರಲ್ಲಿ ಪರಿಸೊ ಅವರಿಗಾಗಿಯೇ ರಚಿಸಿದನು. ಬಾಖನ ರಚನಾಕ್ರಮವನ್ನೂ ಬ್ರೆಜಿಲ್‌ನ ಜನಪದ ಧಾಟಿಗಳನ್ನೂ ಬೆಸೆದ ‘ಬಾಕಿಯಾನಾಸ್ ಬ್ರಸಿಲೈರಾಸ್’ ಎಂಬ ಒಂಬತ್ತು ಕೃತಿಗಳ ಮಾಲೆಯಲ್ಲಿ ಮೊದಲನೆಯದು (1930) ಚೆಲ್ಲೊ ವೃಂದಕ್ಕೆ, ಐದನೆಯದು ಎಂಟು ಚೆಲ್ಲೊ ಹಾಗೂ ಸೊಪ್ರಾನೊ ಕಂಠಕ್ಕೆ ಮೀಸಲು. ಪಾಬ್ಲೊ ಕಸಾಲ್ಸ್‌ಗೆ ಅರ್ಪಿತವಾದ ಮೊದಲನೆಯದರ ಕೊನೆಯ ಭಾಗ ಒಂದು ಫ್ಯೂಗ್. ಅದಕ್ಕೆ ‘ಸಂಭಾಷಣೆ’ ಎಂಬ ಹೆಸರೂ ಇದೆ. ರಿಯೊ ನಗರದ ಬೀದಿ ಸಂಗೀತಗಾರರು ನಾಲ್ವರು ಮಾತಿಗೆ ಮಾತು ಕೊಡುವ ಕಲ್ಪನೆ ಅದರ ಹಿಂದಿದೆ. ಒಂದೇ ನಾದಗುಣದ ನಾಲ್ಕು ದನಿಗಳು ವಾದಿಸುವಾಗ ಯಾರು ಮಾತನಾಡುತ್ತಿದ್ದಾರೆಂಬುದು ಕೇಳುಗನಿಗೆ ತಿಳಿಯಬೇಕಾದರೆ, ಹೊಸ ದನಿ ಪ್ರವೇಶಿಸುವಾಗ ಉಳಿದವರು ಹಿಂದೆ ಸರಿಯಲೇಬೇಕು.

ಐದನೆಯ ಕೃತಿಯ ಮೊದಲ ಭಾಗ 1938ರದು, ಎರಡನೆಯದು 1945ರದು. ಮೊದಲ ಭಾಗದಲ್ಲಿ ಗಾಯಕಿಯು ಪದಗಳಿಲ್ಲದೆ ಒಂದೇ ಸ್ವರಾಕ್ಷರದಲ್ಲಿ ದೀರ್ಘ ಎಳೆಯನ್ನು ಹಾಡುತ್ತಾಳೆ. ನಡುವೆ ಸಾಹಿತ್ಯ ಬಂದು ಹೋದ ಮೇಲೆ ಅದೇ ಎಳೆ ಮುಚ್ಚಿದ ತುಟಿಗಳ ಗುಂಜನವಾಗಿ ಮರಳುತ್ತದೆ. ಹಲವು ಚೆಲ್ಲೊಗಳು ಕಮಾನು ಬಿಟ್ಟು ತಂತಿ ಮೀಟುತ್ತ ಗಿಟಾರಿನ ಭ್ರಮೆ ಹುಟ್ಟಿಸಿದರೆ, ಒಂದು ಚೆಲ್ಲೊ ಗಾಯಕಿಯ ಎಳೆಯನ್ನು ಒಂದು ಸ್ಥಾಯಿ ಕೆಳಗೆ ಹಿಂಬಾಲಿಸುತ್ತದೆ. ಕರ್ನಾಟಕ ಸಂಗೀತದ ಪಕ್ಕವಾದ್ಯದವರು ಈ ಅನುಸರಣೆಯನ್ನು ಬಲ್ಲರು. ವ್ಯತ್ಯಾಸವೆಂದರೆ ಇಲ್ಲಿ ಎಲ್ಲವೂ ಮೊದಲೇ ಬರೆದಿಟ್ಟದ್ದು. ಆದರೂ ಗಾಯಕಿಯ ಉಸಿರು ಎಲ್ಲಿ ಮುಗಿಯುತ್ತದೆಂಬುದನ್ನು ಯಾವ ಲಿಪಿಯೂ ಹೇಳಲಾರದು. ಯೇಲ್ ವೃಂದ ಈ ಕೃತಿಯನ್ನು ಪ್ರಸಿದ್ಧ ಗಾಯಕಿ ಆರ್ಲೀನ್ ಆಗರ್ ಅವರೊಡನೆ ಧ್ವನಿಮುದ್ರಿಸಿದೆ.

ಮೊದಲ ಕೃತಿಗೆ ಎಂಟಕ್ಕಿಂತ ಕಡಿಮೆಯಿಲ್ಲದ ಚೆಲ್ಲೊಗಳು ಬೇಕು, ಹೆಚ್ಚಿದ್ದರೂ ಅಡ್ಡಿಯಿಲ್ಲ. ವರ್ಗೀಕರಣದ ತೊಡಕು ಇಲ್ಲಿಯೇ ಉಂಟಾಗುತ್ತದೆ. ಎಂಟು ಜನ ನುಡಿಸಿದರೆ ಅದು ಚೇಂಬರ್ ಸಂಗೀತ; ಒಂದೊಂದು ಎಳೆಗೆ ಇಬ್ಬರು ಮೂವರು ಸೇರಿದರೆ ಪುಟ್ಟ ವಾದ್ಯವೃಂದ. ಪರಿಸೊ ಅವರು ವೃಂದದ ಮುಂದೆ ನಿಂತು ತಾವೇ ನಿರ್ದೇಶಿಸುತ್ತಿದ್ದರು. ತರಗತಿಯ ಎಲ್ಲ ವಿದ್ಯಾರ್ಥಿಗಳಿಗೂ ವೇದಿಕೆ ಒದಗಿಸಲು ಈ ಕ್ರಮ ಅನುಕೂಲವಾದುದೇ. ಆದರೆ ನಿರ್ದೇಶಕನ ಕೈಯನ್ನು ನೋಡುವ ಕಣ್ಣು ಪಕ್ಕದವನ ಕಮಾನನ್ನು ನೋಡುವುದನ್ನು ಮರೆಯುವ ಅಪಾಯವೂ ಇದೆ. ಆಲಿಸುವಿಕೆಯೇ ಶಿಕ್ಷಣದ ಗುರಿಯಾದರೆ ಎಳೆಗೊಬ್ಬರಂತೆ, ನಿರ್ದೇಶಕನಿಲ್ಲದೆ ನುಡಿಸುವುದೇ ಮೇಲು.

ಇನ್ನೊಂದು ಸಮಸ್ಯೆ ಕೃತಿಗಳ ಕೊರತೆ. ಚೆಲ್ಲೊ ವೃಂದಗಳ ಕಚೇರಿಗಳಲ್ಲಿ ರೂಪಾಂತರಗಳದೇ ಮೇಲುಗೈ. ಬಾಖನ ರಚನೆಗಳ ರೂಪಾಂತರಗಳು ಸಹಜವಾಗಿ ಹೊಂದುತ್ತವೆ. ಜನಪ್ರಿಯ ಧಾಟಿಗಳ ರೂಪಾಂತರಗಳು ಚಪ್ಪಾಳೆ ಗಿಟ್ಟಿಸಿದರೂ ಎರಡನೆಯ ಆಲಿಕೆಗೆ ನಿಲ್ಲುವುದು ಅಪರೂಪ. ಮೂಲ ಕೃತಿಗಳಲ್ಲಿ ಡೇವಿಡ್ ಪೊಪ್ಪರ್‌ನ ಮೂರು ಚೆಲ್ಲೊ ಹಾಗೂ ಪಿಯಾನೊಗಳ ‘ರೆಕ್ವಿಯಂ’ ಹಳೆಯದು. ಎಸ್ತೋನಿಯದ ಆರ್ವೊ ಪಾರ್ಟ್‌ನ ‘ಫ್ರಾತ್ರೆಸ್’ ಚೆಲ್ಲೊ ವೃಂದದ ರೂಪದಲ್ಲಿಯೂ ದೊರೆಯುತ್ತದೆ. ಪಿಯೆರ್ ಬುಲೆಜ್‌ನ ‘ಮೆಸಾಜೆಸ್ಕಿಸ್’ (1976–77) ಒಂದು ಪ್ರಧಾನ ಚೆಲ್ಲೊ ಮತ್ತು ಆರು ಚೆಲ್ಲೊಗಳಿಗೆ ಬರೆದದ್ದು. ಸ್ವಿಸ್ ನಿರ್ದೇಶಕ ಪಾಲ್ ಸಾಕರ್‌ನ ಎಪ್ಪತ್ತರ ಸಂದರ್ಭಕ್ಕಾಗಿ ಅವನ ಹೆಸರಿನ ಆರು ಅಕ್ಷರಗಳನ್ನೇ ಆರು ಸ್ವರಗಳಾಗಿ ಮಾಡಿ ಹೆಣೆದ ಈ ಕೃತಿಯ ಆರಂಭದಲ್ಲಿ ಪ್ರಧಾನ ವಾದಕನು ಮುಟ್ಟಿದ ಸ್ವರಗಳನ್ನು ಉಳಿದವರು ಎತ್ತಿಕೊಂಡು ಹಿಡಿದಿಡುತ್ತಾರೆ. ಮುಂದೆ ಬರುವ ಅತಿವೇಗದ ಭಾಗದಲ್ಲಿ ಏಳೂ ಕಮಾನುಗಳು ಒಂದಾಗಿ ಓಡಬೇಕಾಗುತ್ತದೆ.